ಮೊಂಡಿಗೆ ಹೆದರಿಕೆ ಕಲಿಸಿದ್ದು

ಅರ್ಧ ಆಯಸ್ಸನ್ನು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸವೆಸಿ, ಸೋಪಿನ ನೀರಿಗೆ ಕೈ ಬಿರಿದ ಮೇಲೆ ಚಿಕ್ಕಮ್ಮ ಬೇಲಿಯೊಳಗಿನ ಕಾಡಿಗೆ ಕೆಲಸಕ್ಕೆ ಬಂದಿದ್ದಳು. ಅಲ್ಲಿ ಎಲ್ಲರಿಗೂ ಅವಳು ಚಿಕ್ಕಮ್ಮನೇ, ಅವಳಿಗಿಂತ ಹಿರಿಯನಾದ ಕಾವಲುಗಾರನಿಗೂ. ಆಳಿಗಿಂತ ಎತ್ತರದ ತಂತಿಬೇಲಿ. ಬೆಕ್ಕು ಹತ್ತಿದರೂ ದಾಟದಂತೆ ಅದರ ತುದಿ ಹೊರಕ್ಕೆ ಬಾಗಿತ್ತು, ನರಿ ಕೆರೆದರೂ ನುಸುಳದಂತೆ ಬುಡ ಮಣ್ಣೊಳಗೆ ಇಳಿದಿತ್ತು. ಒಳಗಿದ್ದವು ಮೊಲದ ಗಾತ್ರದ, ಉದ್ದ ಮೂತಿಯ, ಸಂಜೆಯಾದರೆ ಬಿಲದಿಂದ ಎದ್ದು ಬಂದು ಮಣ್ಣು ಕೆದರುವ ಪ್ರಾಣಿಗಳು. ಅಲ್ಲಿನವರು ಅವನ್ನು ಮೂತಿಗಳೆಂದೇ ಕರೆಯುತ್ತಿದ್ದರು. ಆ ನೆಲಕ್ಕೆ ಅವೇ ಹಳೆಯ ಒಕ್ಕಲು. ಬೇಲಿಯಾಚೆ ಅವುಗಳ ವಂಶ ಹೆಚ್ಚುಕಡಿಮೆ ಅಳಿದೇ ಹೋಗಿತ್ತು.

ಮೊಂಡಿ ಎಂಬ ಮೂತಿಮರಿ ಸಿಕ್ಕಿದ್ದು ಸತ್ತ ತಾಯಿಯ ಮಗ್ಗುಲಲ್ಲಿ. ಮೈಮೇಲೆ ಇನ್ನೂ ಕೂದಲು ಮೂಡಿರಲಿಲ್ಲ. ಚಿಕ್ಕಮ್ಮ ಅದನ್ನು ಬಟ್ಟೆಚೀಲದಲ್ಲಿಟ್ಟು, ಸ್ವೆಟರಿನೊಳಗೆ ಹೊಟ್ಟೆಗೆ ಕಟ್ಟಿಕೊಂಡೇ ಕೆಲಸ ಮಾಡಿದಳು, ಹಾಗೆಯೇ ಮನೆಗೂ ಹೋದಳು. ಟೈಲರ್ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ನೋಡಿದ.

“ಈ ವಯಸ್ಸಲ್ಲಿ ಇದೇನೇ ಅವತಾರ? ಜನ ನನ್ನ ಮುಖ ನೋಡಿ ನಗಲ್ವಾ?”

“ನಗ್ಲಿ ಬಿಡಿ. ಸ್ವೆಟರ್ ಬಿಗಿ ಆಗಿದೆ, ಮೊದ್ಲು ಸಡಿಲ ಮಾಡ್ಕೊಡಿ.”

ಗೊಣಗುತ್ತಲೇ ಎರಡೂ ಪಕ್ಕಕ್ಕೆ ಪಟ್ಟಿ ಕೂಡಿಸಿ ಹೊಲಿದುಕೊಟ್ಟ.

ಈಗ ಮೊಂಡಿ ಬೆಳೆದಿತ್ತು. ಬೇಲಿಯೊಳಗೆ ಮೂತಿಗಳು ತುಂಬಿ ಮೇವು ಸಾಲದಾಗಿತ್ತು. ಕೆಲವನ್ನು ದೂರದ ಬಯಲಿಗೆ ಬಿಡಬೇಕಿತ್ತು. ಅಲ್ಲಿ ಬೇಲಿಯಿಲ್ಲ. ಬೆಕ್ಕುಗಳು ಕಡಿಮೆ, ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಹೆದರಬಲ್ಲವು ಮಾತ್ರ ಅಲ್ಲಿ ಬದುಕುತ್ತವೆ. ಬೇಲಿಯೊಳಗೇ ಹುಟ್ಟಿದ ಇವಕ್ಕೆ ಬೆಕ್ಕಿನ, ಮನುಷ್ಯರ ಹೆದರಿಕೆಯ ಗಂಧವೂ ಇರಲಿಲ್ಲ. ಅದನ್ನು ಕಲಿಸುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂತು.

ಮೊದಲ ಸಂಜೆ ಅವಳು ತಗಡಿನ ಡಬ್ಬಿ ಹಿಡಿದು ಚಮಚದಿಂದ ಬಡಬಡನೆ ಬಡಿದಳು. ಉಳಿದವೆಲ್ಲ ಬಿಲಕ್ಕೆ ಬಿದ್ದವು. ಮೊಂಡಿ ಮಾತ್ರ ಎಲ್ಲಿಂದಲೋ ಓಡೋಡಿ ಬಂದು ಅವಳ ಪಾದದ ಮೇಲೆ ಕುಳಿತಿತು.

ಪ್ರಾಣಿಗಳ ಡಾಕ್ಟರು, ಮಗಳ ವಯಸ್ಸಿನ ಹುಡುಗಿ, ಹುಬ್ಬು ಗಂಟಿಕ್ಕಿದಳು. “ಚಿಕ್ಕಮ್ಮ, ಇದಕ್ಕೆ ಊಟ ಹಾಕುವಾಗ ಏನಾದ್ರೂ ಸದ್ದು ಮಾಡ್ತಿದ್ರಾ?”

ಚಿಕ್ಕಮ್ಮ ಕೈಲಿದ್ದ ಡಬ್ಬಿ ನೋಡಿಕೊಂಡಳು. “ಅಯ್ಯೋ ನನ್ನ ಬುದ್ಧಿಗಿಷ್ಟು! ಇದನ್ನೇ ಬಡಿತಿದ್ದೆ ಕಣಮ್ಮಾ.”

ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ದನಿ ತಗ್ಗಿಸಿದಳು. “ಸದ್ದಲ್ಲ, ನಿಮ್ಮ ಮೇಲಿನ ಸಲಿಗೇನೇ ಬಿಡಿಸ್ಬೇಕು. ಮನುಷ್ಯರು ಅಂದ್ರೆ ಊಟ ಅಂದ್ಕೊಂಡು ಯಾರದೋ ಹಿತ್ತಲಿಗೆ ಹೋದ್ರೆ ನಾಯಿ ಬಿಡುತ್ತಾ? ಬಲೆ ಹಾಕಿ ನೀವೇ ಹಿಡಿದು ಹೆದರಿಸ್ಬೇಕು. ಆಗಲ್ಲ ಅಂದ್ರೆ ಹೇಳಿ, ನೋಡೋಕೆ ಬರೋರಿಗೆ ಅಂತ ಇರೋ ಗೂಡಲ್ಲಿ ಇಟ್ಕೊಳ್ಳೋಣ. ಸಾಯೋವರೆಗೂ ಅಲ್ಲೇ.”

ಮನೆಯಲ್ಲಿ ಗಂಡನದು ಸಲೀಸಾದ ಮಾತು. “ಗೂಡಲ್ಲೇ ಇರ್ಲಿ ಬಿಡೇ. ಕಣ್ಣೆದುರಿಗೆ ಇರುತ್ತೆ. ನಿನಗೂ ಮಂಡಿನೋವು, ಯಾಕೆ ಒದ್ದಾಡ್ತೀಯ?”

ಚಿಕ್ಕಮ್ಮ ಮಂಡಿಗೆ ಎಣ್ಣೆ ತಿಕ್ಕುತ್ತಾ ಕುಳಿತಳು. ಆ ಗೂಡನ್ನು ದಿನಾ ತೊಳೆಯುವವಳು ಅವಳೇ. ಅಲ್ಲಿದ್ದ ಮುದಿ ಮೂತಿ ಸಿಮೆಂಟು ನೆಲವನ್ನು ಉಗುರಿನಿಂದ ಕೆದರುತ್ತಲೇ ಇರುತ್ತಿತ್ತು. ಕೆದರಿ ಕೆದರಿ ಅದರ ಉಗುರುಗಳು ಮೊಂಡಾಗಿದ್ದವು.

ಮರುದಿನ ಸಂಜೆ ಮೊಂಡಿ ಹತ್ತಿರ ಬಂದಿತು, ಎಂದಿನಂತೆ. ಚಿಕ್ಕಮ್ಮ ಬಲೆ ಬೀಸಿದಳು. ಒಳಗೆ ಅದು ಕಿರುಚಿತು. ಅದಕ್ಕೆ ಅಂಥ ದನಿಯಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಬೆಕ್ಕಿನ ವಾಸನೆ ಹತ್ತಿಸಿದ ಬಟ್ಟೆಯನ್ನು ಅದರ ಮೂಗಿಗೆ ಹಿಡಿದು, ಪುಟ್ಟ ಎದೆ ಡವಡವ ಹೊಡೆದುಕೊಳ್ಳುವುದನ್ನು ಬೆರಳಿನಿಂದಲೇ ಕೇಳಿ, ಆಮೇಲೆ ಬಿಟ್ಟಳು. ಮಾರನೆಯ ಸಂಜೆ ಅದು ಮತ್ತೆ ಬಂದಿತು, ಒಂದಿಷ್ಟು ಅನುಮಾನಿಸುತ್ತಾ. ಅವಳು ಮತ್ತೆ ಬೀಸಿದಳು. ಹೀಗೆ ಸಂಜೆಗಳು ಕಳೆದವು. ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಗಂಡ ತಮಾಷೆ ಮಾಡುವುದನ್ನು ಬಿಟ್ಟು ಪಾತ್ರೆ ತಾನೇ ತೊಳೆಯತೊಡಗಿದ.

ಕೊನೆಗೆ ಪರೀಕ್ಷೆಯ ದಿನ ಬಂತು. ಬಲೆಯಿಲ್ಲ, ಬಟ್ಟೆಯಿಲ್ಲ. ಚಿಕ್ಕಮ್ಮ ಬರಿಗೈಯಲ್ಲಿ ಹೋಗಿ ಬಿಲದಿಂದ ಸ್ವಲ್ಪ ದೂರದಲ್ಲಿ ಕುಳಿತಳು. ಮೊಂಡಿ ಮೂತಿ ಹೊರಗಿಟ್ಟಿತು. ಗಾಳಿ ಅವಳ ಕಡೆಯಿಂದಲೇ ಬೀಸುತ್ತಿತ್ತು. ಅದು ಅವಳ ವಾಸನೆ ಹಿಡಿಯಿತು, ಮೀಸೆ ನಡುಗಿತು. ಮರುಕ್ಷಣ ಅಲ್ಲಿ ಮಣ್ಣು ಎದ್ದಿತ್ತು, ಬಿಲದ ಬಾಯಿ ಖಾಲಿ ಕಾಣುತ್ತಿತ್ತು.

ಬೇಲಿಯ ಬಳಿ ನಿಂತಿದ್ದ ಡಾಕ್ಟರು ಮೆಲ್ಲಗೆ ಬಂದಳು. “ಪಾಸಾಯ್ತು ಚಿಕ್ಕಮ್ಮ. ನಾಳೆ ಹೋಗೋರ ಜೊತೆ ಇದೂ ಹೋಗುತ್ತೆ. ಏಳಿ, ಕೈ ಕೊಡಿ.”

“ಇರಮ್ಮಾ. ಎದ್ರೆ ಮತ್ತೆ ಹೆದ್ರುತ್ತೆ.”

“ಹೆದರ್ಲಿ ಅಂತ ತಾನೆ ಇಷ್ಟೆಲ್ಲ ಮಾಡಿದ್ದು?”

“ಹೂಂ. ಇವತ್ತಿಗೆ ಸಾಕು.”

ಡಾಕ್ಟರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಅವಳ ಪಕ್ಕದಲ್ಲೇ ಮಣ್ಣಿನ ಮೇಲೆ ಕುಳಿತಳು.