ಹುಣಸೆ ಗಂಟಿನ ಪೆಟ್ಟಿಗೆಗಳು

ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಗುಂಡ್ಲುಪೇಟೆಯಲ್ಲಿ ಅವರದೊಂದು ಮರಗೆಲಸದ ಶೆಡ್ ಇದೆ. ಬಾಗಿಲು, ಕಿಟಕಿ, ಮಂಚ ಮಾಡುತ್ತಾರೆ. ಆಗುವುದಿಲ್ಲ ಎನ್ನುವ ಕೆಲಸವನ್ನೂ ಅಲ್ಲಿಂದಲೇ ಮಾಡುತ್ತಾರೆ. ನಾನು ಪಿಯುಸಿ ಪಾಸಾಗುವುದಿಲ್ಲ ಎಂದರು. ಇಂಗ್ಲಿಷಿನಲ್ಲಿ ಫೇಲಾಗಿ ಒಂದು ವರ್ಷ ಅವರ ಮಾತು ಉಳಿಸಿದೆ. ಡಿಗ್ರಿಗೆ ಸೇರುವುದು ಆಗುವುದಿಲ್ಲ ಎಂದರು. ಎಂದ ಮರುದಿನ ಚಾಮರಾಜನಗರದ ಕಾಲೇಜಿಗೆ ಅರ್ಜಿ ಹಾಕಲು ತಾವೇ ಜೊತೆಗೆ ಬಂದರು.

ಮಾವ ಓದಿದ್ದು ನಾಲ್ಕನೆಯ ತರಗತಿ. ಅವ್ವ ಅಷ್ಟೂ ಇಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಆಧಾರ್ ಕಾರ್ಡು ತೋರಿಸಿ ಬಸ್ಸಿನಲ್ಲಿ ನಿಂತು ಹೋಗಿ, ಸಂಜೆ ಬಂದು ಮಾವನ ಶೆಡ್ಡಿನಲ್ಲಿ ಸ್ಯಾಂಡ್ ಪೇಪರ್ ಉಜ್ಜಿ ಮುಗಿಸಿದ ಡಿಗ್ರಿ ಅದು.

ಕೊನೆಯ ಸೆಮಿಸ್ಟರಿನಲ್ಲಿ ಅವರು ಆಗುವುದಿಲ್ಲ ಎಂದದ್ದು ಪೆಟ್ಟಿಗೆಯ ಬಗ್ಗೆ.

ಪದವಿ ಪ್ರದಾನದ ದಿನ ಅತಿಥಿಗಳಿಗೆ ನಮ್ಮ ಕಾಲೇಜಿನಲ್ಲಿ ಪ್ರತಿವರ್ಷ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಮೊಮೆಂಟೊ ಕೊಡುತ್ತಿದ್ದರು. ಆ ಮೊಮೆಂಟೊಗಳು ಕೊನೆಗೆ ಎಲ್ಲಿ ಹೋಗುತ್ತವೆ ಎಂದು ಪ್ರಿನ್ಸಿಪಾಲರಿಗೆ ಗೊತ್ತಿತ್ತು, ಅವರ ಮನೆಯ ಅಟ್ಟದ ತುಂಬಾ ಅವೇ ಇದ್ದವಂತೆ. ಈ ಸಲ ಊರಿನದೇ ಏನಾದರೂ ಕೊಡೋಣ ಎಂದರು. ಅಂಗೈಯಲ್ಲಿ ಹಿಡಿಯುವಷ್ಟು ಮರದ ಪೆಟ್ಟಿಗೆ, ಒಳಗೆ ಒಂದು ಅರಿಶಿನದ ಕೊಂಬು, ಒಂದು ರೇಷ್ಮೆ ಗೂಡು. ಮಾಡುವವರು ಯಾರಾದರೂ ಗೊತ್ತಿದ್ದಾರಾ ಎಂದು ತರಗತಿಯಲ್ಲಿ ಕೇಳಿದರು. ನಾನು ಎದ್ದು ನಿಂತೆ.

ಫೋನಿನಲ್ಲಿ ಉಳಿಸಿಟ್ಟುಕೊಂಡಿದ್ದ ಒಂದು ಚಿತ್ರ ತೋರಿಸಿದೆ. ಮರದ ಗಂಟಿನಿಂದ ಮಾಡಿದ ಪೆಟ್ಟಿಗೆ. ಗಂಟು ಎಂದರೆ ಕಾಂಡದ ಮೇಲೆ ಬಾವು ಬಂದ ಹಾಗೆ ಊದಿಕೊಂಡಿರುವ ಭಾಗ. ಅದರೊಳಗೆ ಮರದ ಎಳೆಗಳು ನೆಟ್ಟಗೆ ಹೋಗುವುದಿಲ್ಲ, ಸುತ್ತಿ ಸುತ್ತಿ ಬೆಳೆದಿರುತ್ತವೆ. ಕುಯ್ದರೆ ಕುದಿಯುವ ಅಂಬಲಿಯ ಮೇಲೆ ಗುಳ್ಳೆ ಎದ್ದ ಹಾಗೆ ಕಣ್ಣು ಕಣ್ಣಾಗಿ ಕಾಣುತ್ತದೆ. ಇಂಥವು ಐದು, ಐದು ವಾರದಲ್ಲಿ ಕೊಡುತ್ತೇನೆ ಎಂದೆ. ಬರೆದುಕೊಡು ಎಂದರು. ಬರೆದು ಸಹಿ ಹಾಕಿದೆ. ಮಾವನನ್ನು ಕೇಳಿರಲಿಲ್ಲ.

ಮನೆಗೆ ಬಂದು, ಆ ಪೆಟ್ಟಿಗೆಗಳಾಗದಿದ್ದರೆ ಪ್ರಮಾಣಪತ್ರ ತೆಗೆದುಕೊಳ್ಳಲು ವೇದಿಕೆ ಹತ್ತುವುದಿಲ್ಲ ಎಂದು ಅವ್ವನ ಎದುರು ಹೇಳಿಬಿಟ್ಟೆ. ಹೇಳಿದ್ದು ನಿಜವಾಗಿಯೇ. ಮಾತು ತಪ್ಪಿದವಳು ಎಂದು ಇಡೀ ಕಾಲೇಜಿನ ಮುಂದೆ ನಡೆದು ಹೋಗುವ ಧೈರ್ಯ ನನಗಿರಲಿಲ್ಲ.

"ಹತ್ಬ್ಯಾಡ ಬುಡು," ಎಂದಳು ಅವ್ವ. "ಅಂಚೇಲಿ ಕಳುಸ್ತಾರೆ."

ಮಾವ ಚಿತ್ರವನ್ನು ದೂರ ಹಿಡಿದು ನೋಡಿದರು.

"ಗಂಟಲ್ಲಿ ಪೆಟ್ಟಿಗೆ ಆಗಲ್ಲ ಕಣಮ್ಮಿ. ಗಂಟು ಬಂದ್ರೆ ನಾನು ಹಲಗೆನೇ ವಾಪಸ್ ಕಳುಸ್ತೀನಿ. ನೀನು ಗಂಟೇ ಬೇಕು ಅಂತೀಯ. ಅಕ್ಕಿ ಆರಿಸ್ಬುಟ್ಟು ಕಲ್ಲು ಬೇಯ್ಸಿದಂಗಾಯ್ತು."

"ಆಯ್ತದೆ ಮಾವ. ಫೋನಲ್ಲಿ ಮಾಡವ್ರೆ."

"ಅಂಗಾರೆ ಫೋನಲ್ಲೇ ಮಾಡುಸ್ಕೊ."

ಭಾನುವಾರ ಬೆಳಿಗ್ಗೆ ಸೌದೆ ಡಿಪೋಗೆ ನನ್ನ ಜೊತೆ ಬಂದರು. ನೋಡುವುದಕ್ಕೆ ಮಾತ್ರ ಎಂದರು. ಸುತ್ತಿಗೆ ತಂದಿದ್ದರು.

ನಾನು ಮೊದಲು ಬೀಟೆ ಮರದ ಗಂಟು ಕೇಳಿದೆ. ಡಿಪೋದವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಬೀಟೆನಾ? ನೀನು ಪೆಟ್ಟಿಗೆ ಮಾಡೋಕೆ ಮೊದ್ಲೇ ಫಾರೆಸ್ಟ್‌ನೋರು ನಿನ್ನೇ ಪೆಟ್ಟಿಗೆಗಾಕ್ತಾರೆ ಕಣಮ್ಮಿ." ಆಮೇಲೆ ಗೋಡೆಯ ಬದಿಗೆ ಕೈ ತೋರಿಸಿದ. ಅಲ್ಲಿ ಮೂರು ಗಂಟುಗಳು ಬಿದ್ದಿದ್ದವು. ಯಾವ ಕೊಡಲಿಗೂ ಸೀಳದೆ ಉಳಿದದ್ದರಿಂದ ಕೆಲಸದವರು ಅವುಗಳ ಮೇಲೆ ಕೂತು ಟೀ ಕುಡಿಯುತ್ತಿದ್ದರು. "ತಗಂಡೋಗಿ. ಇವುನ್ನ ಒಡೆಯೋಕೋಗಿ ಕೊಡ್ಲಿ ಕಾವು ಮುರ್ಕಂಡು ಸಾಕಾಗದೆ."

ಮೊದಲನೆಯದು ಜಾಲಿ. ಮಾವ ಸುತ್ತಿಗೆಯಿಂದ ಕುಟ್ಟಿದರು. ತೂತುಗಳಿಂದ ಹಿಟ್ಟು ಉದುರಿತು. ಹುಳು ನಮಗಿಂತ ಮೊದಲು ಬಂದಿತ್ತು. ಎರಡನೆಯದು ಬೇವು. ಬಿಸಿಲು ಮಳೆಯಲ್ಲಿ ಬಿದ್ದು ಬಿದ್ದು ಚೆನ್ನಾಗಿ ಒಣಗಿತ್ತು, ಕುಟ್ಟಿದರೆ ಗಟ್ಟಿ ಸದ್ದು ಬಂತು. ಕುಯ್ದ ಮುಖದ ಮೇಲೆ ನನ್ನ ಬಾಟಲಿಯ ನೀರು ಹುಯ್ದೆ. ಒದ್ದೆಯಾದಾಗಲೇ ಮರದ ಬಣ್ಣ ಗೊತ್ತಾಗುವುದು. ಅಲ್ಲೊಂದು ಇಲ್ಲೊಂದು ಕಣ್ಣು, ಉಳಿದದ್ದೆಲ್ಲ ಸಪ್ಪೆ.

ಮೂರನೆಯದು ಹುಣಸೆ. ರಸ್ತೆ ಅಗಲ ಮಾಡುವಾಗ ಕಡಿದದ್ದಂತೆ. ನೀರು ಬಿದ್ದೊಡನೆ ನಡುವಿನ ಕಪ್ಪು ಕಂದು ಬಣ್ಣ ಎದ್ದು ಬಂತು. ಅದರ ಸುತ್ತ ಹೊಗೆ ಸುತ್ತಿದ ಹಾಗೆ ಗೆರೆಗಳು, ಗೆರೆಗಳ ನಡುವೆ ರಾಗಿ ಚೆಲ್ಲಿದ ಹಾಗೆ ಕಣ್ಣುಗಳು. ನನಗೆ ಬೇರೆ ಏನೂ ಬೇಡವಾಯಿತು.

"ಬೇವು ತಗೊ," ಎಂದರು ಮಾವ. "ಇದಿನ್ನೂ ಹಸಿ. ಕುಯ್ದ್ರೆ ಬಿರೀತದೆ."

"ಇದೇ ಬೇಕು ಮಾವ."

"ಎಣ್ಣು ನೋಡೋಕೋದೋರೂ ಇಂಗೇ ಕಣ," ಎಂದ ಡಿಪೋದವನು. "ಬಣ್ಣ ನೋಡಿ ಒಪ್ಕಂಡು ಬತ್ತಾರೆ. ಆಮೇಲೆ ಗೊತ್ತಾಯ್ತದೆ."

ಗಂಟಿನ ಅರ್ಧವನ್ನು ಸಾಮಿಲ್ಲಿನಲ್ಲಿ ತೆಳು ಹಲಗೆಗಳಾಗಿ ಕುಯ್ಯಿಸಿ ಶೆಡ್ಡಿನ ಮೂಲೆಯಲ್ಲಿ ಜೋಡಿಸಿದೆವು. ನಾಲ್ಕನೆಯ ದಿನ ಮೂಲೆಯಿಂದ ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್. ಮಾವ ಕಿಟಕಿಯ ಚೌಕಟ್ಟಿಗೆ ಹತ್ತರಿ ಹೊಡೆದು ನಯ ಮಾಡುತ್ತಿದ್ದವರು ನಿಲ್ಲಿಸಿ, "ಕೇಳುಸ್ತಾ?" ಎಂದು ಮತ್ತೆ ಕೆಲಸ ಮುಂದುವರಿಸಿದರು. ಸಂಜೆಯ ಹೊತ್ತಿಗೆ ಎಲ್ಲ ಹಲಗೆಗಳೂ ಬಿರಿದಿದ್ದವು.

ನಾನು ಅಳಲಿಲ್ಲ. ಬಿರಿದದ್ದನ್ನು ಒಲೆಯ ಸೌದೆಗೆ ಜೋಡಿಸಿದೆ. ಅದನ್ನು ನೋಡಿ ಮಾವ ತಾವಾಗಿಯೇ ಒಂದು ವಿಷಯ ಹೇಳಿದರು. ಅವರಿಗೆ ಕೆಲಸ ಕಲಿಸಿದ ಮಲಯಾಳಿ ಆಚಾರಿ ಇಂಥ ಹಟಮಾರಿ ಮರವನ್ನು ಮೊದಲು ಬೇಯಿಸುತ್ತಿದ್ದರಂತೆ. ಬೆಂದ ಮರ ಬಿಗಿ ಬಿಡುತ್ತದೆ, ನೆರಳಿನಲ್ಲಿ ಒಣಗಿಸಿದರೆ ಬಿರಿಯುವುದು ಕಡಿಮೆ. ಮೂರು ವರ್ಷದಿಂದ ಅವರ ಜೊತೆ ಕೆಲಸ ಮಾಡುತ್ತಿದ್ದೇನೆ, ಇದನ್ನು ಆವತ್ತೇ ಕೇಳಿದ್ದು. ಯಾಕೆ ಮೊದಲೇ ಹೇಳಲಿಲ್ಲ ಎಂದರೆ, "ನೀನು ಆಯ್ತದೆ ಅಂದ್ಯಲ್ಲ," ಎಂದರು.

ಅಷ್ಟು ದೊಡ್ಡ ಪಾತ್ರೆ ನಮ್ಮಲ್ಲಿರಲಿಲ್ಲ. ಅವ್ವ ಆಗ ತವರೂರು ಉಡಿಗಾಲದಲ್ಲಿ ಅರಿಶಿನ ಕೀಳುವ ಕೆಲಸಕ್ಕೆ ಹೋಗಿದ್ದಳು. ಅಲ್ಲಿ ಹೊಲದಲ್ಲೇ ಕೊಪ್ಪರಿಗೆ ಇಟ್ಟು ಅರಿಶಿನ ಬೇಯಿಸುತ್ತಿದ್ದರು. ಉಳಿದ ಅರ್ಧ ಗಂಟನ್ನು ದಪ್ಪ ತುಂಡುಗಳಾಗಿ ಕುಯ್ಯಿಸಿ, ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ಹೊಲದ ಯಜಮಾನರು ಆಗಲಿ ಎಂದರು. ಒಂದು ಸುತ್ತಿನ ಅರಿಶಿನ ತೆಗೆದಾಗಿತ್ತು. ನೀರು ಕುದಿಯುತ್ತಿತ್ತು, ಬೆಂಕಿ ಜೋರಾಗಿತ್ತು. ಕುದಿಯುವ ನೀರನ್ನು ಚೆಲ್ಲುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ತುಂಡುಗಳನ್ನು ಅದರಲ್ಲೇ ಹಾಕಿ ಮಧ್ಯಾಹ್ನದವರೆಗೆ ಬೇಯಿಸಿದೆವು.

ನಂಬುವುದು ಕಷ್ಟ, ಆದರೆ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅರಿಶಿನ ಕೀಳುವ ಕಾಲದಲ್ಲಿ ಆ ಊರಿನಲ್ಲಿ ಎಲ್ಲರ ಕೈಯೂ ಹಳದಿ, ಬಟ್ಟೆಯೂ ಹಳದಿ, ಕಾಲುವೆಯ ಅಂಚೂ ಹಳದಿ. ಅರಿಶಿನ ಬೆಂದ ನೀರು ನಮ್ಮ ಕಣ್ಣಿಗೆ ಬರೀ ನೀರು.

ತುಂಡುಗಳನ್ನು ಎತ್ತಿ ಗೋಣಿಯ ಮೇಲೆ ಹರಡಿದಾಗ ಅವೂ ಪೂರಾ ಹಳದಿ. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಹಸೆಗೆ ಕೂರುಸ್ಬೋದು," ಎಂದಳು. ಆಮೇಲೆ, "ಬಿಸ್ಲಿಗಾಕು. ಸೀರೇಲಿ ಅರ್ಸ್ನ ಬಿಸ್ಲಿಗೆ ಓಯ್ತದೆ, ಇದ್ರಲ್ಲೂ ಓಯ್ತದೆ," ಎಂದಳು.

"ಬಿಸ್ಲಿಗಾಕಿದ್ರೆ ಅರ್ಸ್ನನೂ ಓಯ್ತದೆ, ಮರನೂ ಓಯ್ತದೆ," ಎಂದರು ಮಾವ. "ಯಾವ್ದು ಬೇಕು ಯೋಳು. ನೀನಲ್ವಾ ಸೈನ್ ಆಕ್ದೋಳು?"

ಹಳದಿ ಇರಲಿ, ಬಿರಿಯುವುದು ಬೇಡ ಎಂದೆ.

ಶೆಡ್ಡಿನ ನೆರಳಿನಲ್ಲಿ, ಮರದ ಹೊಟ್ಟಿನೊಳಗೆ ಹೂತಿಟ್ಟೆವು. ಕಾಲೇಜಿನಿಂದ ಬಂದವಳೇ ಪ್ರತಿದಿನ ಮೂಲೆಯ ಪಕ್ಕ ಕೂತು ಕಿವಿಗೊಟ್ಟೆ. ಸದ್ದಿರಲಿಲ್ಲ. ಮೂರನೆಯ ವಾರ ತೆಗೆದು ಹತ್ತರಿ ಹೊಡೆದಾಗ ಮೇಲಿನ ಹಳದಿ ಸಿಪ್ಪೆಯಾಗಿ ಹೋಗಿ ಹುಣಸೆಯ ಸ್ವಂತ ಬಣ್ಣ ಬಂತು. ಗಂಟಿನ ಕಣ್ಣುಗಳಲ್ಲಿ ಮಾತ್ರ ಅರಿಶಿನ ಆಳಕ್ಕೆ ಇಳಿದಿತ್ತು. ಎಷ್ಟು ಹೊಡೆದರೂ ಹೋಗಲಿಲ್ಲ. ಹಲಗೆಗೆ ಹಲಗೆ ಕಚ್ಚಿಕೊಳ್ಳುವ ಮೂಲೆಗಳ ಕೊಂಡಿಯನ್ನೆಲ್ಲ ಮಾವನೇ ಉಳಿಯಲ್ಲಿ ಕೆತ್ತಿದರು, ಇದು ನನಗೆ ಬಿಡುವ ಕೆಲಸವಲ್ಲವಂತೆ. ಐದನೆಯದರ ಮುಚ್ಚಳ ಪಾಲಿಶ್ ಹಾಕುವಾಗ ಬಿರಿಯಿತು. ನಾಲ್ಕು ಉಳಿದವು.

ನಾಲ್ಕನ್ನೂ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಅವರು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಈ ಹಳದಿ ಯಾವ ಪಾಲಿಶಮ್ಮ?"

"ಅರಿಶಿನ ಸರ್. ತಪ್ಪಾಗಿ ಆಯಿತು. ಐದು ಎಂದಿದ್ದೆ, ನಾಲ್ಕೇ ಆದವು."

ಅವರು ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದರು. "ಐದನೆಯ ಅತಿಥಿ ಬರುವುದಿಲ್ಲ ಎಂದು ಬೆಳಿಗ್ಗೆ ಫೋನ್ ಬಂತು," ಎಂದರು. "ನೀನು ಬರುತ್ತೀಯಲ್ಲ?"

ಬರುತ್ತೇನೆ ಎಂದೆ.

ಆ ದಿನ ನಿರೂಪಕರು ಮೈಕಿನಲ್ಲಿ, ಜಿಲ್ಲೆಯ ಅರಿಶಿನ ಪರಂಪರೆಯನ್ನು ಮರದಲ್ಲಿ ಮೂಡಿಸಿದ ವಿನೂತನ ಪ್ರಯೋಗ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಅವ್ವನ ಪಕ್ಕ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ ಮಾವ ಮಾತ್ರ ತಟ್ಟಲಿಲ್ಲ. ಮುಖ್ಯ ಅತಿಥಿ ಪೆಟ್ಟಿಗೆ ತೆರೆಯುವುದನ್ನು ಕತ್ತು ಚಾಚಿ ನೋಡುತ್ತಿದ್ದರು. ಮುಚ್ಚಳ ಸಲೀಸಾಗಿ ಬಂತು. ಮಾವ ಕುರ್ಚಿಗೆ ಒರಗಿದರು.

ನನ್ನ ಹೆಸರು ಕರೆದಾಗ ಹತ್ತಿದೆ. ಅತಿಥಿ ಪೆಟ್ಟಿಗೆಯನ್ನು ಎಡಗೈಗೆ ಬದಲಿಸಿ ಬಲಗೈಯಲ್ಲಿ ಪ್ರಮಾಣಪತ್ರ ಕೊಟ್ಟರು. ಇಳಿದು ಬಂದು ಅದನ್ನು ಮಾವನ ಕೈಗೆ ಕೊಟ್ಟೆ. ಅವರು ಅಂಚುಗಳಲ್ಲಿ ಮಾತ್ರ ಹಿಡಿದರು. ಅಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ, ತೊಡೆಯ ಮೇಲೆ ಹರಡಿ, ಕೈ ಬಿಚ್ಚಿ ಉದ್ದಕ್ಕೂ ಅಳೆದರು.

"ಒಂದು ಗೇಣು, ನಾಕು ಬೆಟ್ಟು," ಎಂದರು. "ಇದ್ಕೂ ಒಂದು ಪೆಟ್ಟಿಗೆ ಮಾಡನ ಕಣಮ್ಮಿ. ಗಂಟಲ್ಲಿ ಬ್ಯಾಡ. ತೇಗದಲ್ಲಿ ಮಾಡನ."