ತಂಪಣ್ಣನೂ ಗೋಡೌನಿನ ಫ್ರಿಜ್ಜುಗಳೂ

ಅವನನ್ನು ಎಲ್ಲರೂ ತಂಪಣ್ಣ ಅಂತಲೇ ಕರೆಯುತ್ತಿದ್ದರು. ಫ್ರಿಜ್ ರಿಪೇರಿ ಮಾಡುತ್ತಿದ್ದನಲ್ಲ, ಅದಕ್ಕೊಂದು. ಗಿರಾಕಿಗಳು ಎಷ್ಟೇ ಕೂಗಾಡಿದರೂ ದನಿ ಏರಿಸದೆ "ಆಗುತ್ತೆ ಬಿಡಿ ಅಮ್ಮಾ" ಅನ್ನುತ್ತಿದ್ದನಲ್ಲ, ಅದಕ್ಕಿನ್ನೊಂದು. ಒಳಗಿನ ಸಂಗತಿ ಹೆಂಡತಿಗೆ ಮಾತ್ರ ಗೊತ್ತಿತ್ತು. "ನಮ್ಮನೆಯವರಿಗೆ ನೆರಳು ಅಲ್ಲಾಡಿದರೂ ಎದೆ ನಡುಗುತ್ತೆ. ಕೋಪ ಮಾಡ್ಕೊಳ್ಳೋಕೂ ಧೈರ್ಯ ಬೇಕಲ್ಲ, ಅದಕ್ಕೇ ತಣ್ಣಗಿರೋದು" ಎಂದು ಅವಳು ನಗುತ್ತಿದ್ದಳು. ಸುಳ್ಳೇನಲ್ಲ. ಗುಡುಗಿದರೆ ಮಂಚದ ಮೂಲೆ ಸೇರುವವನು, ಬೀದಿನಾಯಿ ಕಂಡರೆ ಸುತ್ತು ಬಳಸಿ ಹೋಗುವವನು ಅವನು.

ಮಗಳು ಕಾಲೇಜು ಸೇರಿದ ಮೇಲೆ ಆ ಭಯಕ್ಕೆ ಕೊಂಬು ಮೂಡಿತು. ಮೊದಲ ವರ್ಷದ ಫೀಸು ಹೇಗೋ ಹೊಂದಿಸಿದ್ದ. ಎರಡನೇ ವರ್ಷಕ್ಕೆ ಕಾಲೇಜಿನವರು ಲ್ಯಾಬಿನ ಹೆಸರಲ್ಲಿ, ಹೊಸ ಕಟ್ಟಡದ ಹೆಸರಲ್ಲಿ, ಇನ್ನೂ ಯಾವ್ಯಾವುದೋ ಹೆಸರಲ್ಲಿ ಏರಿಸಿಬಿಟ್ಟರು.

"ಒಂದು ವರ್ಷ ಬಿಟ್ಟು ಆಮೇಲೆ ಸೇರ್ಕೋತೀನಿ ಅಪ್ಪಾ" ಎಂದಳು ಮಗಳು.

ಅವನೂ ಒಂದು ಕಾಲದಲ್ಲಿ ಒಂದೇ ವರ್ಷ ಅಂತ ಸ್ಕೂಲು ಬಿಟ್ಟವನೇ. "ಬೇಡ ಪುಟ್ಟಿ. ನಾನು ನೋಡ್ಕೋತೀನಿ" ಎಂದ. ಏನು ನೋಡಿಕೊಳ್ಳುವುದು, ಹೇಗೆ ನೋಡಿಕೊಳ್ಳುವುದು ಎಂದು ಅವನಿಗೇ ತಿಳಿದಿರಲಿಲ್ಲ.

ಭಯಪಡುವುದಕ್ಕೆ ಇನ್ನೊಂದು ವಿಷಯವನ್ನೂ ಮಗಳೇ ತಂದುಕೊಟ್ಟಿದ್ದಳು. ಒಂದು ದಿನ ಅವನು ಮನೆ ಮುಂದೆ ಒಂದು ಹಳೇ ಫ್ರಿಜ್ಜಿನ ಪೈಪು ಕತ್ತರಿಸುತ್ತಿದ್ದ. ಸುಯ್ ಎಂದು ಗ್ಯಾಸು ಹೊರಗೆ ಹೋಯಿತು.

"ಅದು ಎಲ್ಲಿಗೆ ಹೋಗುತ್ತಪ್ಪಾ?"

"ಗಾಳಿಗೆ."

"ಗಾಳಿಯಿಂದ?"

"ಗಾಳಿಯಿಂದ ಇನ್ನೆಲ್ಲಿಗೆ, ಗಾಳಿಗೇ!" ಎಂದು ನಕ್ಕ.

ಮಗಳು ನಗಲಿಲ್ಲ. ಹಳೇ ಕಾಲದ ಆ ಗ್ಯಾಸು ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತದೆ, ಒಂದು ಫ್ರಿಜ್ಜಿನದು ಬಿಟ್ಟರೆ ಕಾರೊಂದು ತಿಂಗಳುಗಟ್ಟಲೆ ಹೊಗೆ ಬಿಟ್ಟ ಲೆಕ್ಕ ಎಂದು ಪಾಠದಲ್ಲಿ ಓದಿದ್ದನ್ನು ಹೇಳಿದಳು. ಅಂದಿನಿಂದ ಆ ಸುಯ್ ಸದ್ದು ಕೇಳಿದರೆ ತಂಪಣ್ಣ ತಲೆ ಎತ್ತಿ ಆಕಾಶ ನೋಡುವಂತಾಯಿತು. ತನ್ನ ಜೀವಮಾನದಲ್ಲಿ ಎಷ್ಟು ಬಿಟ್ಟೆನೋ ಎಂದು ನೆನೆದರೆ ಬೆವರು.

ಹೀಗಿರುವಾಗ ಗುಜರಿ ಅಂಗಡಿಯ ಸಾಹುಕಾರ ಕರೆದ. ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂದು ಅಂಗಡಿಗಳಲ್ಲಿ ಮಾರಾಟ ನಡೆದಿತ್ತು. ಬಂದ ಫ್ರಿಜ್ಜುಗಳೆಲ್ಲ ಅವನ ಗೋಡೌನಿನಲ್ಲಿ ಛಾವಣಿ ಮುಟ್ಟುವಂತೆ ಬಿದ್ದಿದ್ದವು. ಅರ್ಧಕ್ಕರ್ಧ ಕೆಟ್ಟೇ ಇರಲಿಲ್ಲ. ಬಾಗಿಲ ಬಣ್ಣ ಹಳತಾಯಿತು ಅಂತ ಜನ ದೂಡಿದ್ದರು ಅಷ್ಟೇ. ಎಲ್ಲದರ ಕಂಪ್ರೆಸರ್ರು, ತಾಮ್ರದ ಪೈಪು ಬಿಚ್ಚಿಕೊಡಬೇಕು. ಸಾಹುಕಾರ ಹೇಳಿದ ಕೂಲಿ ಕೇಳಿದಾಗ ತಂಪಣ್ಣನಿಗೆ ಕಂಡದ್ದು ಮಗಳ ಕಾಲೇಜಿನ ಗೇಟು.

"ಗ್ಯಾಸು ಹಿಡಿಯೋ ಮಷೀನು ಇದೆಯಾ ಸಾಹುಕಾರ್ರೇ?" ಎಂದು ಮೆಲ್ಲಗೆ ಕೇಳಿದ.

"ಹಿಡಿದು ಏನು ಉಪ್ಪಿನಕಾಯಿ ಹಾಕ್ತೀಯಾ? ಬಿಡು ಅತ್ಲಾಗೆ!"

ತಂಪಣ್ಣ ಕೆಲಸ ಒಪ್ಪಿಕೊಂಡ. ಮನೆಯಲ್ಲಿ ದೊಡ್ಡ ಹೋಟೆಲಿನ ಸರ್ವೀಸು ಸಿಕ್ಕಿದೆ ಎಂದ. ಮಗಳು ಖುಷಿಪಟ್ಟಳು. ಆ ಖುಷಿಯನ್ನು ನೋಡಲಾರದೆ ಅವನು ಚಪ್ಪಲಿ ಹುಡುಕುವ ನೆಪ ಮಾಡಿ ಹೊರಗೆ ಹೋದ.

ಗೋಡೌನಿಗೆ ಕಿಟಕಿಯೇ ಇರಲಿಲ್ಲ. ಕಳ್ಳರ ಕಾಟವೆಂದು ಶಟರನ್ನು ಮೊಣಕಾಲ ಮಟ್ಟಕ್ಕೆ ಇಳಿಸಿರುತ್ತಿದ್ದರು. ಒಂದು ಬಲ್ಬಿನ ಬೆಳಕಿನಲ್ಲಿ ತಂಪಣ್ಣ ಸುಯ್, ಸುಯ್ ಎಂದು ಕತ್ತರಿಸುತ್ತ ಹೋದ. ಪ್ರತಿ ಸಲವೂ ಮನಸ್ಸಿನಲ್ಲೇ ತಪ್ಪಾಯಿತು ಅನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದನೋ! ಬೇಗ ಮುಗಿಸಿ ಓಡಿಬಿಡಬೇಕು ಅನ್ನುವ ಆತುರದಲ್ಲಿ ಯಾವುದು ಹಳೇದು, ಯಾವುದು ಈಚಿನದು ಎಂದು ತಿರುಗಿಸಿ ನೋಡುವುದನ್ನೂ ಬಿಟ್ಟ.

ಮರುದಿನ ಮಧ್ಯಾಹ್ನ ಒಂದು ಕಂಪ್ರೆಸರ್ರನ್ನು ಎತ್ತಿ ಪಕ್ಕಕ್ಕಿಡುವಾಗ ಅಂಗೈಗೆ ಸ್ಟಿಕ್ಕರೊಂದು ತಾಗಿತು. ಧೂಳು ಒರೆಸಿದ. ಹಳದಿ ತ್ರಿಕೋನ, ಅದರೊಳಗೆ ಬೆಂಕಿಯ ಚಿತ್ರ.

ಈಚಿನ ಫ್ರಿಜ್ಜುಗಳ ಗ್ಯಾಸು ಆಕಾಶಕ್ಕೆ ಅಷ್ಟು ಕೆಡುಕಲ್ಲ, ಆದರೆ ಅಡುಗೆ ಗ್ಯಾಸಿನ ಹಾಗೆ ಹತ್ತಿಕೊಳ್ಳುತ್ತದೆ. ವಾಸನೆಯಿಲ್ಲ. ಗಾಳಿಗಿಂತ ಭಾರ, ನೀರಿನಂತೆ ನೆಲದಲ್ಲೇ ನಿಲ್ಲುತ್ತದೆ. ಬೆಳಗಿನಿಂದ ಕತ್ತರಿಸಿದ ಸಾಲನ್ನು ನೋಡಿದ. ಅಲ್ಲೊಂದು ಹಳದಿ ತ್ರಿಕೋನ, ಅಲ್ಲಿ ಮತ್ತೊಂದು, ಅದರಾಚೆ ಮತ್ತೊಂದು. ತಾನು ನಿಂತದ್ದು ಕಾಣದ ಕೆರೆಯಲ್ಲಿ.

ಶಟರಿನ ಹತ್ತಿರ ಸಾಹುಕಾರನ ತಮ್ಮ ಕುಕ್ಕರುಗಾಲಲ್ಲಿ ಕೂತು ಕಬ್ಬಿಣ ಕತ್ತರಿಸುವ ಮಷೀನಿನ ವೈರು ಬಿಡಿಸುತ್ತಿದ್ದ. ತಂಪಣ್ಣ "ಬೇಡ" ಎನ್ನಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಕಾಲು ಮಾತ್ರ ಹೊರಟವು. ಓಡುವ ರಭಸಕ್ಕೆ ಕೈಗೆ ಆ ತಮ್ಮನ ಕಾಲರು ಸಿಕ್ಕಿತು, ಹಿಡಿದುಕೊಂಡ. ಅಷ್ಟರಲ್ಲಿ ಮಷೀನು ಕಿರ್ರೆಂದಿತ್ತು, ಕಿಡಿ ಹಾರಿತ್ತು. ನೆಲದ ಮೇಲೆ ನೀಲಿ ಬೆಂಕಿ ಚಾಪೆ ಬಿಡಿಸಿದ ಹಾಗೆ ಹಾಸಿಕೊಂಡು ಬಂತು. ಭಗ್ಗೆಂದ ಸದ್ದಿಗೆ ಶಟರು ಅದುರಿತು. ಇಬ್ಬರೂ ಅದರ ಕೆಳಗಿನಿಂದ ಉರುಳಿ ರಸ್ತೆಗೆ ಬಿದ್ದರು.

ತಮ್ಮನ ಎರಡು ಪಾದ ಸುಟ್ಟವು, ಜೀವ ಉಳಿಯಿತು. "ಏನು ಗುಂಡಿಗೆ ಕಣಯ್ಯಾ ನಿಂದು, ಬೆಂಕೀಲಿ ಎಳ್ಕೊಂಡು ಬಂದೆ!" ಎಂದು ಬೀದಿಯವರು ಬೆನ್ನು ತಟ್ಟಿದರು. ತಂಪಣ್ಣನ ಹಲ್ಲು ಕಟಕಟ ಅನ್ನುತ್ತಿದ್ದವು. ಎಳೆದು ತಂದದ್ದು ಗುಂಡಿಗೆಯಲ್ಲ, ಪುಕ್ಕಲುತನ ಎಂದು ಹೇಳಲೂ ಆಗಲಿಲ್ಲ.

ಆಸ್ಪತ್ರೆಗೆ ಓಡಿಬಂದ ಮಗಳು ಅಪ್ಪನ ಸುಟ್ಟ ಹುಬ್ಬನ್ನು ನೋಡಿದಳು. "ಹೋಟೆಲು ಅಂದಿದ್ದೆ?"

ಅವನು ಎಲ್ಲ ಹೇಳಿಬಿಟ್ಟ. ಗ್ಯಾಸು ಬಿಟ್ಟದ್ದನ್ನೂ.

"ನನ್ನ ಹೆಸರು ಹೇಳ್ಕೊಂಡು ಸಾಯೋಕೆ ಹೊರಟಿದ್ದೆಯಾ ಅಪ್ಪಾ?" ಎಂದಳು. ಅವಳ ದನಿಯೂ ನಡುಗುತ್ತಿತ್ತು. ತನ್ನ ಭಯ ಮಗಳಿಗೂ ಅಂಟಿತಲ್ಲ ಎಂದುಕೊಂಡ.

ಸಾಹುಕಾರ ಉಳಿದ ಫ್ರಿಜ್ಜುಗಳನ್ನು ಬಿಚ್ಚಲು ಬೇರೆ ಯಾರಿಗೋ ಕೊಟ್ಟ. ಮಗಳು ಆ ಕಾಲೇಜು ಬಿಟ್ಟಳು. ಅಪ್ಪ ಅತ್ತರೂ ಕೇಳಲಿಲ್ಲ. ಫೀಸು ಕಡಿಮೆಯಿದ್ದ ಸರ್ಕಾರಿ ಸಂಜೆ ಕಾಲೇಜಿನಲ್ಲಿ ಮತ್ತೆ ಮೊದಲ ವರ್ಷದಿಂದ ಶುರುಮಾಡಿದಳು. ಹಗಲು ಅಪ್ಪನ ಜೊತೆ ಕೆಲಸ. ಗ್ಯಾಸನ್ನು ಸಿಲಿಂಡರಿಗೆ ಹಿಡಿಯುವ ಹಳೇ ಮಷೀನೊಂದನ್ನು ಯಾರಿಂದಲೋ ಅಗ್ಗಕ್ಕೆ ತಂದರು. ಅದರಿಂದ ಕೆಲಸ ನಿಧಾನ, ಕೂಲಿ ಸ್ವಲ್ಪ ಹೆಚ್ಚು. "ಗಾಳಿಗೆ ಬಿಟ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ಕೆಲವರು ಬಾಗಿಲಿಂದಲೇ ಕಳಿಸಿದರು. ಕೆಲವರು ಗೊಣಗುತ್ತಲೇ ಒಪ್ಪಿದರು. ಒಬ್ಬಾಕೆ ಮಾತ್ರ, ಹೊಸದು ಕೊಳ್ಳಲು ಹೊರಟವಳು, ಮಗಳ ಮಾತು ಕೇಳಿ ಹಳೆಯದನ್ನೇ ರಿಪೇರಿ ಮಾಡಿಸಿಕೊಂಡಳು.

ತಂಪಣ್ಣನ ಭಯ ಹೋಗಲಿಲ್ಲ. ಮಗಳು ಮೊದಲ ಸಲ ಒಬ್ಬಳೇ ಒಂದು ಮನೆಗೆ ಹೋದ ದಿನ ಎದುರು ಅಂಗಡಿಯ ಕಟ್ಟೆಯ ಮೇಲೆ ಕೂತು ಆ ಮನೆಯ ಕಡೆಗೇ ನೋಡುತ್ತಿದ್ದ. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಬಂದಾಗ ಏಳಲು ಹೋದರೆ ಕಾಲು ಜೋಮು.

"ಕಿಟಕಿ ತೆಗೆದಿದ್ದೆಯಾ?"

"ತೆಗೆದಿದ್ದೆ."

"ಎಲ್ಲಾ ಕಿಟಕೀನೂ?"

"ಎಲ್ಲಾನೂ ಅಪ್ಪಾ. ಏಳು, ಇನ್ನೊಂದು ಮನೆ ಇದೆ."

ಅವನು ಅವಳ ಕೈ ಹಿಡಿದುಕೊಂಡು ಎದ್ದ. ಇನ್ನೊಂದು ಮನೆಯಲ್ಲಿ ಕಿಟಕಿ ಎಷ್ಟಿವೆಯೋ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ.