ಮಗುವನ್ನು ಎತ್ತಿಕೊಳ್ಳದ ಅಕ್ಕ

ಬೆಳಗಿನ ಬೆಳಕು ಇನ್ನೂ ಮೆಟ್ಟಿಲುಗಳ ಮೇಲೆ ಬಿದ್ದಿಲ್ಲ. ಮೂರನೇ ಮಹಡಿಯ ಬಾಗಿಲ ಮುಂದೆ ಅಕ್ಕ ಚಪ್ಪಲಿ ಬಿಡುತ್ತಾರೆ, ಉಸಿರು ಸುಧಾರಿಸಿಕೊಳ್ಳುತ್ತಾರೆ, ಆಮೇಲೆ ಬೆರಳ ತುದಿಯಿಂದ ಬಾಗಿಲು ತಟ್ಟುತ್ತಾರೆ. ಕರೆಗಂಟೆ ಒತ್ತುವುದಿಲ್ಲ. ಹಸುಗೂಸಿರುವ ಮನೆಯಲ್ಲಿ ಗಂಟೆ ಒತ್ತಿದವರನ್ನು ಆ ಮನೆಯವರು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎನ್ನುವುದು ಅವರ ಅನುಭವ. ಇವತ್ತು ಆ ಜಾಗ್ರತೆ ದಂಡ. ಒಳಗೆ ಮಗು ಇಡೀ ಕಟ್ಟಡಕ್ಕೆ ಕೇಳುವಂತೆ ಅಳುತ್ತಿದೆ.

ಬಾಗಿಲು ತೆಗೆಯುವವನು ಮಗುವಿನ ಅಪ್ಪ. ಅಂಗಿಯನ್ನು ತಿರುಗುಮುರುಗಾಗಿ ಹಾಕಿಕೊಂಡಿದ್ದಾನೆ, ಅದು ಅವನಿಗೇ ಗೊತ್ತಿಲ್ಲ. ಒಳಕೋಣೆಯಲ್ಲಿ ಮಂಚದ ಅಂಚಿಗೆ ಕೂತ ತಾಯಿಯ ಕಣ್ಣು ಊದಿಕೊಂಡಿದೆ. ಕಿಟಕಿಯ ಸರಳುಗಳ ಮೇಲೆ ಪುಟ್ಟ ಪುಟ್ಟ ಬಟ್ಟೆಗಳು, ಟೀಪಾಯಿಯ ಮೇಲೆ ಯಾರೂ ಕುಡಿಯದೆ ಕೆನೆಗಟ್ಟಿದ ಟೀ. ಮಗುವಿನ ಅಜ್ಜಿ, ಅಂದರೆ ಈ ತಾಯಿಯ ತಾಯಿ, ಅಕ್ಕನನ್ನು ಕಂಡದ್ದೇ ತಡ, "ಬಂದ್ರಲ್ಲ ಸದ್ಯ! ತಗೊಳ್ಳಿ, ನೀವಾದ್ರೂ ಎತ್ಕೊಳ್ಳಿ" ಎಂದು ಕೈ ತೋರಿಸುತ್ತಾರೆ.

ಅಕ್ಕ ಎತ್ತಿಕೊಳ್ಳುವುದಿಲ್ಲ. ಬಚ್ಚಲಿಗೆ ಹೋಗಿ ಸಾವಕಾಶವಾಗಿ ಕೈ ತೊಳೆಯುತ್ತಾರೆ. ತಾಯಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕೈಚೀಲದಿಂದ ಹಳೆಯ ಹಳದಿ ಟವೆಲ್ ತೆಗೆದು, ಸುರುಳಿ ಸುತ್ತಿ, ಒಂದು ತುದಿಗೆ ಗಂಟು ಹಾಕಿ ತಲೆ ಮಾಡಿ, ಅದನ್ನು ಎದೆಗಾನಿಸಿಕೊಳ್ಳುತ್ತಾರೆ. "ನೋಡಮ್ಮಾ, ನಾನು ಮಾಡಿದ ಹಾಗೇ ಮಾಡು. ಅವನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗ್ಲಿ. ಕತ್ತು ತಿರುಚಬಾರದು. ಬಾಯಿ ದೊಡ್ಡದಾಗಿ ತೆಗೆಯೋ ತನಕ ಕಾಯಿ, ಅವಸರ ಬೇಡ."

ನಿಜ ಹೇಳಿಬಿಡುತ್ತೇನೆ, ಪತ್ರಿಕೆಗೆ ಬರೆಯಲೆಂದು ಅಕ್ಕನ ಜತೆ ಬಂದಿರುವ ನನಗೆ ಸಿಟ್ಟು ಬರುತ್ತದೆ. ಮಗು ಕೆಂಪು ಕೆಂಪಾಗಿ ಅಳುತ್ತಿರುವಾಗ ಈ ಹೆಂಗಸು ಟವೆಲ್ ಆಡಿಸುತ್ತಾ ಕೂತಿದ್ದಾರಲ್ಲ! ಎರಡು ಸಲ ನನ್ನ ಕೈಯೇ ಮುಂದೆ ಹೋಗುತ್ತದೆ. ಅಕ್ಕ ಕಣ್ಣಲ್ಲೇ ಗದರುತ್ತಾರೆ, ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಅಕ್ಕನಿಗೆ ಐವತ್ತು ದಾಟಿದೆ. ಹೆರಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಬಹಳ ವರ್ಷ ಆಯಾ ಆಗಿದ್ದರು. ಈಗ ಬಡಾವಣೆಯ ಚಿಕಿತ್ಸಾಲಯದವರು ಕಳಿಸಿದ ಕಡೆ ಹೋಗುತ್ತಾರೆ. ದಿನಕ್ಕೆ ಮೂರು ಮನೆ, ಒಂದೊಂದು ಮನೆಗೆ ಒಂದು ವಾರ. ಎದೆಹಾಲು ಕುಡಿಯಲು ಒದ್ದಾಡುವ ಮಕ್ಕಳು, ನಿದ್ದೆಗೆಟ್ಟು ಹೈರಾಣಾದ ಅಪ್ಪ ಅಮ್ಮಂದಿರು, ಇವರೇ ಅವರ ಗಿರಾಕಿಗಳು. ಮೊದಲ ಮನೆಗೆ ಯಾವಾಗಲೂ ನಸುಕಿನಲ್ಲೇ ಹೋಗುತ್ತಾರೆ. ಯಾಕೆ ಎಂದರೆ ನಗುತ್ತಾರೆ. "ಆ ಹೊತ್ತಲ್ಲಿ ರಾತ್ರಿ ಜಗಳ ಮುಗಿದಿರುತ್ತೆ, ಬೆಳಗಿನ ಜಗಳ ಇನ್ನೂ ಶುರುವಾಗಿರಲ್ಲ. ನಮ್ಮ ಮಾತು ಕಿವಿಗೆ ಬೀಳುತ್ತೆ."

ಅವರ ಕೆಲಸಕ್ಕೆ ಸರಿಯಾದ ಹೆಸರಿಲ್ಲ. "ನರ್ಸೂ ಅಲ್ಲ, ಈಗ ಆಯಾನೂ ಅಲ್ಲ. ನಮ್ಮನೆಯವರು ಯಾರಾದ್ರೂ ಕೇಳಿದ್ರೆ, ಮಕ್ಕಳನ್ನ ನೋಡೋಕೆ ಹೋಗ್ತಾಳೆ ಅಂತಾರೆ. ಅದೇ ಸರಿ ಬಿಡಿ. ನಾನು ನೋಡೋದೇ, ಮುಟ್ಟಲ್ಲ." ಕೆಲವು ಮನೆಗಳಲ್ಲಿ ಅವರಿಗೆ 'ಕೈಕಟ್ಟಕ್ಕ' ಎಂಬ ಅಡ್ಡಹೆಸರಿದೆ. ಅದು ಹೊಗಳಿಕೆಯಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಈ ಮನೆಯಲ್ಲಿ ಆತಂಕ ದೊಡ್ಡದೇ ಇದೆ. ಹುಟ್ಟಿ ಎರಡು ವಾರ ತುಂಬದ ಈ ಗಂಡುಮಗು ಹುಟ್ಟಿದಾಗಿನ ತೂಕಕ್ಕೆ ಇನ್ನೂ ಮರಳಿಲ್ಲ. ಶುಕ್ರವಾರ ಮತ್ತೆ ತೂಗಬೇಕು, ಆಗಲೂ ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದಿದ್ದಾರೆ ಡಾಕ್ಟರಮ್ಮ. ತಾಯಿ ಬಸ್ ಕಂಡಕ್ಟರ್, ಈಗ ರಜೆಯಲ್ಲಿದ್ದಾಳೆ. "ಬಸ್ ತುಂಬ ಜನ ಕಿರುಚಾಡಿದ್ರೂ ಒಂದು ಸೀಟಿ ಊದಿ ಸುಮ್ಮನಾಗಿಸ್ತಿದ್ದೆ ಮೇಡಂ" ಎನ್ನುತ್ತಾಳೆ ನನ್ನ ಹತ್ತಿರ. "ಇದೊಂದನ್ನ ಸುಮ್ಮನಾಗಿಸೋಕೆ ಆಗ್ತಿಲ್ಲ. ನಮ್ಮಮ್ಮ ಎತ್ಕೊಂಡ್ರೆ ಸುಮ್ಮನಾಗ್ತಾನೆ. ನನ್ನ ಎದೆಗೆ ಬಂದ ತಕ್ಷಣ ಮುಖ ತಿರುಗಿಸ್ತಾನೆ. ನನ್ನ ಮಗೂಗೆ ನಾನೇ ಬೇಡ." ಇಷ್ಟು ಹೇಳಿ ಅವಳು ಗೋಡೆ ಕಡೆ ತಿರುಗುತ್ತಾಳೆ.

ಅಪ್ಪನಿಗೆ ರಸ್ತೆಯ ತಿರುವಿನಲ್ಲೇ ಒಂದು ಸಲೂನ್ ಇದೆ. "ದಿನಾ ಎಷ್ಟು ತಲೆಗೆ ಕೈ ಹಾಕ್ತೀನಿ, ಲೆಕ್ಕ ಇಲ್ಲ. ಈ ತಲೆ ಮುಟ್ಟೋಕೆ ಮಾತ್ರ ಧೈರ್ಯ ಸಾಲಲ್ಲ" ಎಂದು ಒಪ್ಪಿಕೊಳ್ಳುತ್ತಾನೆ. ಮೊನ್ನೆ ತೂಕಡಿಸಿಕೊಂಡು ಗಿರಾಕಿಯೊಬ್ಬರ ಒಂದು ಕಡೆಯ ಮೀಸೆಯನ್ನೇ ತೆಗೆದುಬಿಟ್ಟನಂತೆ. ಅವರೂ ಒಂದು ಕಾಲದಲ್ಲಿ ಹಸುಗೂಸಿನ ಅಪ್ಪನಾಗಿದ್ದವರು, ನಕ್ಕು ಇನ್ನೊಂದು ಕಡೆಯದನ್ನೂ ತೆಗೆಸಿಕೊಂಡು ಹೋದರಂತೆ.

ಮಂಗಳವಾರ ಅಜ್ಜಿಯ ತಾಳ್ಮೆ ಕೆಡುತ್ತದೆ. "ಆ ಟವೆಲ್ಲಿಗೆ ಹೊಟ್ಟೆ ತುಂಬ್ತಾ? ಸುಮ್ನೆ ಕೂತ್ಕೊಳ್ಳೋಕೆ ಇವರೇ ಯಾಕೆ ಬೇಕು, ನಾನಿಲ್ವಾ?" ಎಂದು ಅಡುಗೆಮನೆಯಿಂದ ಎಲ್ಲರಿಗೂ ಕೇಳುವಂತೆ ಗೊಣಗುತ್ತಾರೆ. ಅಕ್ಕ ಕೇಳಿಸದವರ ಹಾಗೆ ಇರುತ್ತಾರೆ. ಮೆಟ್ಟಿಲಿಳಿಯುವಾಗ ನಾನೂ ಅದನ್ನೇ ಕೇಳುತ್ತೇನೆ. ಒಂದು ಸಲ ಎತ್ತಿಕೊಂಡರೆ ನಿಮ್ಮ ಗಂಟೇನು ಹೋಗುತ್ತೆ?

ಅಕ್ಕ ಮೆಟ್ಟಿಲ ಮೇಲೇ ಕೂರುತ್ತಾರೆ. "ನನ್ನ ಕೈಗೆ ಬಂದ್ರೆ ಮಕ್ಕಳು ಬೇಗ ಸುಮ್ಮನಾಗ್ತಾವೆ ಮೇಡಂ. ವಾರ್ಡಲ್ಲಿ ಅದೇ ಹೆಸರು ನಂಗೆ. ಮನೆಮನೆಗೆ ಹೋಗೋಕೆ ಶುರು ಮಾಡಿದಾಗ ಮೊದಲನೇ ಮನೇಲಿ ಅದನ್ನೇ ಮಾಡಿದೆ. ಮಗು ಕಿರ್ ಅಂದ್ರೆ ಸಾಕು, ಎತ್ಕೊಂಡುಬಿಡೋದು. ಆ ಹುಡುಗಿ ನನ್ನೇ ನೋಡ್ತಾ ಕೂತಿರ್ತಿದ್ಲು. ನಂಗೆ ಒಳಗೊಳಗೇ ಜಂಬ, ಸುಳ್ಳು ಯಾಕೆ ಹೇಳ್ಲಿ. ನಾನು ಹೋಗೋದು ನಿಂತ ಮೇಲೆ ಅವಳು ಮಗೂನ ಮುಟ್ಟಲೇ ಇಲ್ವಂತೆ. 'ಅದಕ್ಕೆ ಅಕ್ಕ ಬೇಕು, ನಾನಲ್ಲ' ಅಂದಳಂತೆ. ಆಮೇಲೆ ಸರಿಹೋಯ್ತು, ಆದ್ರೆ ಬಹಳ ದಿನ ಹಿಡೀತು." ಎದ್ದು ಸೀರೆಯ ಧೂಳು ಕೊಡವುತ್ತಾರೆ. "ಅವತ್ತಿಂದ ಟವೆಲ್ ಹಿಡಿದೆ. ತಾಯಿ ತಾನಾಗೇ ತಂದು ನನ್ನ ಮಡಿಲಿಗೆ ಹಾಕೋ ತನಕ ಎತ್ಕೊಳ್ಳಲ್ಲ. ಕೆಲವು ಮನೇಲಿ ಕೊನೇವರೆಗೂ ಹಾಕಲ್ಲ. ಹಾಕದಿದ್ರೆ ಬೇಡ." ಆದರೆ ಮಗುವಿನ ಅಳು ಕೇಳುತ್ತಾ ಕೈ ಕಟ್ಟಿಕೊಂಡಿರುವುದು ಸುಲಭವಲ್ಲ. ಮನೆಗೆ ಹೋದ ಮೇಲೆ ಭುಜ ಹಿಡಿದುಕೊಂಡಿರುತ್ತದೆ ಎನ್ನುತ್ತಾರೆ.

ಬುಧವಾರ ಅಕ್ಕನ ಮುಖ ಬೇರೆಯೇ ಆಗಿದೆ. ಮಗು ಒದ್ದೆ ಮಾಡಿದ್ದಕ್ಕೆ ಒಗೆದು ಕಿಟಕಿಯ ಮೇಲೆ ಹಾಕಿದ ಬಟ್ಟೆಗಳು ನಿನ್ನೆಗಿಂತ ಕಡಿಮೆ. ಮಗು ಅಳುವುದನ್ನೂ ಕಡಿಮೆ ಮಾಡಿದೆ, ಎದೆಗೆ ಹಾಕಿದ ಕೂಡಲೇ ನಿದ್ದೆ ಹೋಗುತ್ತದೆ. ಅಜ್ಜಿಗೆ ಖುಷಿ, "ನೋಡಿ, ಎಷ್ಟು ಜಾಣ ಆಗಿಬಿಟ್ಟ!" ಅಕ್ಕ ಮಾತ್ರ ಟವೆಲ್ ಮಡಚಿ ಚೀಲಕ್ಕೆ ಹಾಕುತ್ತಾರೆ. "ಇದು ಜಾಣತನ ಅಲ್ಲಮ್ಮ, ಸುಸ್ತು. ಶುಕ್ರವಾರದವರೆಗೂ ಕಾಯೋದು ಬೇಡ. ತಮ್ಮಾ, ಅಂಗಡಿ ಆಮೇಲೆ ತೆಗೀವಂತೆ, ಈಗಲೇ ಡಾಕ್ಟರ ಹತ್ರ ಹೊರಡಿ."

ಮಗುವನ್ನು ನೋಡಿದ ಡಾಕ್ಟರಮ್ಮ, ಸದ್ಯಕ್ಕೆ ಎದೆಹಾಲಿನ ಜತೆಗೆ ಬಾಟಲಿಯಲ್ಲೂ ಹಾಲು ಕೊಡಿ ಎನ್ನುತ್ತಾರೆ. ತಾಯಿ ಮನೆಗೆ ಬಂದು ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿ, "ಕೊನೆಗೂ ಸೋತೆ ತಾನೆ? ಇಷ್ಟಕ್ಕೆ ಯಾಕೆ ಬಂದ್ರಿ ಅಕ್ಕಾ ನೀವು?" ಎಂದು ಅಳುತ್ತಾಳೆ. ಅಕ್ಕನಿಗೂ ಬೇಜಾರಾಗಿದೆ, ಮುಖ ನೋಡಿದರೇ ತಿಳಿಯುತ್ತದೆ. ಆಮೇಲೆ ನಿಧಾನವಾಗಿ ಹೇಳುತ್ತಾರೆ. "ಹಸಿದು ಸುಸ್ತಾದವನಿಗೆ ಪಾಠ ಹತ್ತುತ್ತಾ ಹೇಳು? ಮೊದಲು ಅವನ ಹೊಟ್ಟೆ ತುಂಬ್ಲಿ, ಕಲಿಯೋಕೆ ಶಕ್ತಿ ಬರುತ್ತೆ. ಎದೆಗೆ ಹಾಕೋದನ್ನ ಬಿಡಬೇಡ. ಸಂಜೆ ಬಾಟಲಿ ನಿನ್ನ ಗಂಡ ಕೊಡ್ಲಿ, ನೀನು ಬಾಗಿಲು ಹಾಕ್ಕೊಂಡು ಮಲಕ್ಕೋ. ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಆ ಮಧ್ಯಾಹ್ನ ಮಿಕ್ಕ ಎರಡು ಮನೆ ಮುಗಿಸಿ ಅಕ್ಕ ಮತ್ತೆ ಬರುತ್ತಾರೆ, ಈ ಸಲ ಅಪ್ಪನಿಗೆ ಪಾಠ. ಸಲೂನಿನ ಯಜಮಾನ ಹಳದಿ ಟವೆಲ್ಲನ್ನು ತೋಳಲ್ಲಿಟ್ಟುಕೊಂಡು, ಅದರ ಗಂಟಿನ ತಲೆಗೆ ಅಂಗೈ ಆಸರೆ ಕೊಟ್ಟು, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಾನೆ. ಅಜ್ಜಿ ನಕ್ಕೂ ನಕ್ಕೂ ಸೋಫಾದ ಮೇಲೇ ಒರಗಿ, ಹಾಗೇ ನಿದ್ದೆ ಹೋಗುತ್ತಾರೆ. ಅವರೂ ಎಷ್ಟು ದಿನದಿಂದ ಕಣ್ಣಿಗೆ ಕಣ್ಣು ಹಚ್ಚಿಲ್ಲವೋ ಏನೋ, ಪಾಪ. ಸಂಜೆ ಅದೇ ತೋಳಿನಲ್ಲಿ ಟವೆಲ್ಲಿನ ಬದಲು ಮಗ ಮಲಗಿ ಬಾಟಲಿ ಖಾಲಿ ಮಾಡುತ್ತಾನೆ. ತಾಯಿ ಒಳಗೆ ಗೊರಕೆ ಹೊಡೆಯುತ್ತಾಳೆ. ಗಂಡ ಅದನ್ನು ನನಗೆ ಹೆಮ್ಮೆಯಿಂದ ಹೇಳುತ್ತಾನೆ.

ಶುಕ್ರವಾರ ತಕ್ಕಡಿಯ ಮುಳ್ಳು ಸ್ವಲ್ಪವೇ ಸ್ವಲ್ಪ ಮೇಲೆ ಹೋಗುತ್ತದೆ. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, "ಆಸ್ಪತ್ರೆಗೆ ಸೇರಿಸೋದು ಬೇಡ, ಹೀಗೇ ಮುಂದುವರಿಸಿ" ಎನ್ನುತ್ತಾರೆ. ಎಲ್ಲರಿಗೂ ಹೊಟ್ಟೆಗೆ ಹಾಲೆರೆದ ಹಾಗಾಗುತ್ತದೆ. ಆದರೂ ತಾಯಿ ಮೆಲ್ಲಗೆ ಕೇಳುತ್ತಾಳೆ, "ಅದು ಬಾಟಲಿಯಿಂದಲೋ, ನನ್ನಿಂದಲೋ?"

ಭಾನುವಾರ ಅಕ್ಕನಿಗೆ ಈ ಮನೆಯಲ್ಲಿ ಕೊನೆಯ ದಿನ. ಬಾಗಿಲು ತೆಗೆದ ಅಪ್ಪನ ಅಂಗಿ ಇವತ್ತು ಸರಿಯಾಗಿದೆ. ಒಳಗೆ ಮಗು ಎದೆ ಕಚ್ಚಿ ಕುಡಿಯುತ್ತಿದೆ, ಗುಟುಕು ಇಳಿಯುವ ಸದ್ದು ಕೋಣೆಗೆಲ್ಲ ಕೇಳುತ್ತದೆ. ಬಾಟಲಿ ಪೂರ್ತಿ ಬಿಟ್ಟಿಲ್ಲ. ಸಂಜೆಯದು ಈಗಲೂ ಅಪ್ಪನ ಪಾಳಿ, ಬಿಟ್ಟುಕೊಡಲು ಅವನೇ ಒಪ್ಪುತ್ತಿಲ್ಲ. ಅಕ್ಕ ಅಭ್ಯಾಸಬಲದಿಂದ ಟವೆಲ್ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ, ಹೇಳಿಕೊಡಲು ಏನೂ ಉಳಿದಿಲ್ಲ.

ಕುಡಿದು ಮುಗಿಸಿದ ಮಗನನ್ನು ತಾಯಿ ಭುಜಕ್ಕೆ ಹಾಕಿಕೊಂಡು ತೇಗಿಸುತ್ತಾಳೆ. ಆಮೇಲೆ ಎದ್ದು ಬಂದು, ಒಂದು ಕೈಯಲ್ಲಿ ಅಕ್ಕನ ಮಡಿಲಿನ ಟವೆಲ್ ಎತ್ತಿ ಪಕ್ಕಕ್ಕಿಟ್ಟು, ಅಲ್ಲಿ ಮಗನನ್ನು ಮಲಗಿಸುತ್ತಾಳೆ. "ಎತ್ಕೊಳ್ಳಿ ಅಕ್ಕಾ. ನಾನು ಮುಖ ತೊಳ್ಕೊಂಡು ಬರ್ತೀನಿ."

ಅಕ್ಕ ಮಗುವಿನ ಪಾದವನ್ನು ಬೆರಳಲ್ಲಿ ಸವರುತ್ತಾರೆ. ಮಗು ಅವರ ಮುಖವನ್ನೇ ನೋಡುತ್ತದೆ, ಮೂಗು ಸುಕ್ಕು ಮಾಡುತ್ತದೆ, ತುಟಿ ಸೊಟ್ಟಗೆ ಮಾಡುತ್ತದೆ, ಆಮೇಲೆ ಜೋರಾಗಿ ಅಳಲು ಶುರು ಮಾಡುತ್ತದೆ. ವಾರ್ಡಿನ ಮಕ್ಕಳನ್ನೆಲ್ಲ ಸುಮ್ಮನಾಗಿಸಿದ ಆ ಕೈಗಳು ತಟ್ಟುವುದೂ ಇಲ್ಲ, ತೂಗುವುದೂ ಇಲ್ಲ. ತಾಯಿ ಒದ್ದೆ ಮುಖದಲ್ಲೇ ಓಡಿ ಬಂದು ಎತ್ತಿಕೊಳ್ಳುತ್ತಾಳೆ. ಅಳು ಟಕ್ಕನೆ ನಿಲ್ಲುತ್ತದೆ. ತಾಯಿ ಒಮ್ಮೆ ಮಗುವನ್ನು, ಒಮ್ಮೆ ಅಕ್ಕನನ್ನು ನೋಡುತ್ತಾಳೆ. ಅವಳ ಮುಖದ ನೀರಿನಲ್ಲಿ ಯಾವುದು ನಲ್ಲಿಯದು, ಯಾವುದು ಕಣ್ಣಿನದು ನನಗೆ ಗೊತ್ತಾಗುವುದಿಲ್ಲ. ಅಜ್ಜಿ ಅಕ್ಕನ ಕೈಗೆ ಬಿಸಿ ಟೀ ಕೊಡುತ್ತಾರೆ.

ಕೆಳಗಿಳಿಯುವಾಗ ಅಕ್ಕನ ಹೆಜ್ಜೆ ನನಗಿಂತ ಚುರುಕು. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನೆಂದು ಬರೆಯಲಿ ಎಂದು ಕೇಳುತ್ತೇನೆ. ಕೈಚೀಲದಿಂದ ಹೊರಗೆ ಇಣುಕುತ್ತಿದ್ದ ಟವೆಲ್ಲಿನ ತಲೆಯನ್ನು ಒಳಕ್ಕೆ ತಳ್ಳುತ್ತಾ ಅವರು ನಗುತ್ತಾರೆ.

"ನನ್ನ ಮಡಿಲಲ್ಲಿ ಮಗು ಅತ್ತಿತು ಅಂತ ಬರೀರಿ ಮೇಡಂ. ಅಷ್ಟು ಸಾಕು."